ಮೊದಲು ಕಂಡದ್ದನ್ನು ಹೇಳಿ, ಅರ್ಥ ಆಮೇಲೆ

ಓದುಗರ ಪತ್ರ: ನಾವು ಆರು ಜನ ಗೆಳೆಯರು ಭಾನುವಾರ ರಾತ್ರಿ ಒಬ್ಬರ ಮನೆಯಲ್ಲಿ ಸೇರಿ ಸಿನಿಮಾ ನೋಡುತ್ತೇವೆ. ಈಚೆಗೆ ರಷ್ಯನ್ ಸಿನಿಮಾಗಳನ್ನು ನೋಡೋಣ ಅಂತ ಹೊರಟೆವು. ಮೊದಲಿಗೇ ತಾರ್ಕೊವ್‌ಸ್ಕಿಯ ‘ಸ್ಟಾಕರ್’ ಹಾಕಿದೆವು. ಇಬ್ಬರು ನಿದ್ದೆ ಹೋದರು. ಆಮೇಲೆ ಚರ್ಚೆಗೆ ಕೂತರೆ, ಅದರ ಬಗ್ಗೆ ಓದಿಕೊಂಡು ಬಂದಿದ್ದ ಒಬ್ಬರೇ ಮಾತಾಡಿದರು, ಉಳಿದವರು ತಲೆ ಆಡಿಸಿದೆವು. ಎಲ್ಲಿಂದ ಶುರು ಮಾಡಬೇಕು? ಮಾತು ಹೇಗೆ ಬೆಳೆಸಬೇಕು? ಗೆಳೆಯನ ಅವ್ವನೂ ನಮ್ಮ ಜೊತೆ ಕೂರುತ್ತಾರೆ, ಅವರಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುವುದಿಲ್ಲ. ಉಕ್ರೇನಿನ ಯುದ್ಧ ನೆನೆದರೆ ರಷ್ಯನ್ ಸಿನಿಮಾ ಮೆಚ್ಚುವುದು ಸರಿಯೇ ಅಂತ ನಮ್ಮಲ್ಲೊಬ್ಬರು ಕೇಳಿದರು. ಇದಕ್ಕೂ ಉತ್ತರ ಬೇಕು.
– ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ:

ಪ್ರಿಯ ಗೆಳೆಯರೇ,

ನಿಮ್ಮ ಪತ್ರ ಓದಿ ಖುಷಿಯಾಯಿತು. ಆರು ಜನ ವಾರಕ್ಕೊಮ್ಮೆ ಫೋನು ಪಕ್ಕಕ್ಕಿಟ್ಟು ಒಂದೇ ಪರದೆಯ ಮುಂದೆ ಕೂರುವುದು ಈಗ ಸಣ್ಣ ಮಾತಲ್ಲ. ನಿದ್ದೆ ಹೋದ ಇಬ್ಬರನ್ನು ದಯವಿಟ್ಟು ಆಡಿಕೊಳ್ಳಬೇಡಿ. ‘ಸ್ಟಾಕರ್’ ಎರಡೂಮುಕ್ಕಾಲು ಗಂಟೆಗೆ ಹತ್ತಿರದ ಸಿನಿಮಾ. ಊಟ ಮುಗಿಸಿ ಕೂತವರಿಗೆ ಕಣ್ಣು ಎಳೆದರೆ ಅದು ಅವರ ರುಚಿಯ ದೋಷವಲ್ಲ. ಆಯ್ಕೆಯೇ ಸ್ವಲ್ಪ ಬೇಗ ಆಯಿತು, ಅಷ್ಟೇ. ರಷ್ಯನ್ ಸಿನಿಮಾ ಅಂದ ಕೂಡಲೇ ಎಲ್ಲ ಪಟ್ಟಿಗಳೂ ತಾರ್ಕೊವ್‌ಸ್ಕಿಯಿಂದಲೇ ಶುರುವಾಗುತ್ತವೆ. ಆತ ದೊಡ್ಡವನು ನಿಜ. ಆದರೆ ದೊಡ್ಡವನನ್ನೇ ಮೊದಲು ನೋಡಬೇಕು ಅಂತೇನಿಲ್ಲ.

ಮುಂದಿನ ಭಾನುವಾರ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’ ಹಾಕಿ. 1957ರದ್ದು, ನಿರ್ದೇಶಕ ಮಿಖಾಯಿಲ್ ಕಲಾತೊಜೊವ್, ಛಾಯಾಗ್ರಾಹಕ ಸೆರ್ಗೆಯ್ ಉರುಸೆವ್‌ಸ್ಕಿ. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಅಲ್ಲಿಯ ದೊಡ್ಡ ಪ್ರಶಸ್ತಿ ಪಾಮ್ ದೋರ್ ಬಂತು. ಕತೆ ಎರಡು ಮಾತಿನಲ್ಲಿ ಮುಗಿಯುತ್ತದೆ. ವೆರೊನಿಕಾ ಮತ್ತು ಬೋರಿಸ್ ಪ್ರೀತಿಸುತ್ತಾರೆ. ಎರಡನೇ ಮಹಾಯುದ್ಧ ಬರುತ್ತದೆ, ಆತ ಹೋಗುತ್ತಾನೆ, ಈಕೆ ಕಾಯುತ್ತಾಳೆ.

ಇದರಲ್ಲಿ ಬೀಳ್ಕೊಡುವ ದೃಶ್ಯವೊಂದಿದೆ. ವೆರೊನಿಕಾ ಬಸ್ಸಿನಲ್ಲಿದ್ದಾಳೆ. ತಡವಾಗುತ್ತಿದೆ, ಬಸ್ಸು ಮುಂದೆ ಹೋಗುತ್ತಿಲ್ಲ. ಕಿಟಕಿಯಿಂದ ಇಣುಕುತ್ತಾಳೆ, ತಡೆಯಲಾರದೆ ಇಳಿದುಬಿಡುತ್ತಾಳೆ. ಕ್ಯಾಮೆರಾ ಅವಳ ಬೆನ್ನಿಗೇ ಇಳಿಯುತ್ತದೆ. ಗುಂಪಿನ ನಡುವೆ ಅವಳು ತೂರಿದಲ್ಲೆಲ್ಲ ಅದೂ ತೂರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಮೇಲೇರಿ, ಸಾಲಾಗಿ ಬರುತ್ತಿರುವ ಟ್ಯಾಂಕುಗಳ ನಡುವೆ ಅವಳು ಅಡ್ಡ ಓಡುವುದನ್ನು ಎತ್ತರದಿಂದ ತೋರಿಸುತ್ತದೆ. ನಡುವೆ ಒಂದು ಕಟ್ ಕೂಡ ಇಲ್ಲ. ಡ್ರೋನು, ಕಂಪ್ಯೂಟರು ಯಾವುದೂ ಇಲ್ಲದ ಕಾಲದಲ್ಲಿ ಉರುಸೆವ್‌ಸ್ಕಿ ಕೈಯಲ್ಲಿ ಹಿಡಿದ ಕ್ಯಾಮೆರಾ ಮತ್ತು ಒಂದು ಕ್ರೇನ್ ಇಟ್ಟುಕೊಂಡು ಇದನ್ನು ಮಾಡಿದ. ಕೊನೆಗೂ ಅವಳು ಬೋರಿಸ್‌ಗೆ ಕಾಣಿಸುವುದೇ ಇಲ್ಲ. ಅವನಿಗೆಂದು ತಂದ ಬಿಸ್ಕತ್ತಿನ ಪೊಟ್ಟಣವನ್ನು ದೂರದಿಂದಲೇ ಎಸೆಯುತ್ತಾಳೆ. ಅದು ನೆಲಕ್ಕೆ ಬಿದ್ದು, ಹೊರಟವರ ಕಾಲ್ತುಳಿತಕ್ಕೆ ಸಿಗುತ್ತದೆ.

ಸಿನಿಮಾ ಮುಗಿದ ಮೇಲೆ ಏನು ಮಾಡಬೇಕು ಅಂತ ಕೇಳಿದ್ದೀರಿ. ಒಂದು ಸುತ್ತು ಎಲ್ಲರೂ ಮಾತಾಡಲಿ. ಒಬ್ಬೊಬ್ಬರು ತಾವು ಕಂಡ ಅಥವಾ ಕೇಳಿದ ಒಂದೊಂದು ಸಂಗತಿ ಹೇಳಿದರೆ ಸಾಕು. ಈ ಸುತ್ತಿನಲ್ಲಿ ಅರ್ಥ ಹೇಳುವ ಹಾಗಿಲ್ಲ, ಸಂದೇಶ ಹೇಳುವ ಹಾಗಿಲ್ಲ, ಎಲ್ಲೋ ಓದಿದ್ದನ್ನು ಹೇಳುವ ಹಾಗೂ ಇಲ್ಲ. ‘ಬಿಸ್ಕತ್ತು ತುಳಿದರು’ ಅಂತ ಒಬ್ಬರು ಹೇಳುತ್ತಾರೆ. ‘ಅದನ್ನು ನಾನು ನೋಡಲೇ ಇಲ್ಲ, ನಾನು ಬೋರಿಸ್‌ನ ಮುಖ ನೋಡುತ್ತಿದ್ದೆ’ ಅಂತ ಇನ್ನೊಬ್ಬರು. ಮತ್ತೊಬ್ಬರಿಗೆ ಮೆಟ್ಟಿಲು ನೆನಪಿರುತ್ತದೆ. ಸಿನಿಮಾದ ಶುರುವಿನಲ್ಲಿ ಬೋರಿಸ್ ಸುತ್ತು ಮೆಟ್ಟಿಲು ಹತ್ತಿ ಓಡುತ್ತಾನಲ್ಲ, ಅವನು ಗುಂಡು ತಗುಲಿ ಬೀಳುವಾಗ ಬರ್ಚ್ ಮರಗಳು ಗಿರಗಿರ ತಿರುಗುತ್ತ ಅದೇ ಓಟ ಮತ್ತೆ ಬರುತ್ತದೆ. ಇಷ್ಟು ಹೊರಬಿತ್ತು ಅಂದರೆ ಮಾತು ತಾನಾಗಿ ಹೊತ್ತಿಕೊಳ್ಳುತ್ತದೆ. ‘ಯುದ್ಧದ ಕ್ರೌರ್ಯವನ್ನು ನಿರ್ದೇಶಕರು ಮನೋಜ್ಞವಾಗಿ ಚಿತ್ರಿಸಿದ್ದಾರೆ’ ಅಂತ ಶುರು ಮಾಡಿದರೆ ಅಲ್ಲಿಗೇ ಮುಗಿಯಿತು. ಅದಕ್ಕೆ ಎದುರು ಮಾತು ಏನು ಹೇಳುತ್ತೀರಿ?

ಓದಿಕೊಂಡು ಬರುವ ಗೆಳೆಯರನ್ನು ಬಿಟ್ಟುಕೊಡಬೇಡಿ, ಅಂಥವರು ಗುಂಪಿಗೆ ಬೇಕೇ ಬೇಕು. ಅವರ ಸರದಿ ಕೊನೆಗಿರಲಿ. ಉಳಿದವರಿಗೆ ಪ್ರಶ್ನೆಗಳು ಎದ್ದಮೇಲೆ ಅವರು ಓದಿದ್ದಕ್ಕೆ ಬೆಲೆ ಬರುತ್ತದೆ. ಬೇಜಾರಾಯಿತು ಅನ್ನುವವರ ಸರದಿ ಮೊದಲು ಬರಲಿ. ಎಲ್ಲಿ ಬೇಜಾರಾಯಿತು, ಯಾವ ದೃಶ್ಯದಲ್ಲಿ ಅಂತ ಕೇಳಿ. ಅದು ಕೂಡ ಕಂಡದ್ದೇ ಅಲ್ವಾ?

ಆಮೇಲೆ ಜಗಳ ಬಿದ್ದ ದೃಶ್ಯವನ್ನು ಇನ್ನೊಮ್ಮೆ ಹಾಕಿ. 1971ರಲ್ಲಿ ಶುರುವಾದ ಬೆಂಗಳೂರಿನ ಸುಚಿತ್ರಾ ಫಿಲಂ ಸೊಸೈಟಿಯಂಥ ಕಡೆ ಆ ಕಾಲದಲ್ಲಿ ಸಿನಿಮಾ ನೋಡಿದವರಿಗೆ ಈ ಭಾಗ್ಯ ಇರಲಿಲ್ಲ. ಪ್ರಿಂಟ್ ಬರಬೇಕು, ಒಮ್ಮೆ ಓಡಬೇಕು, ವಾಪಸ್ ಹೋಗಬೇಕು. ಆಮೇಲೆ ನೆನಪೇ ಗತಿ. ನಿಮ್ಮ ಕೈಯಲ್ಲಿ ರಿಮೋಟ್ ಇದೆ, ಬಳಸಿಕೊಳ್ಳಿ.

ಹೀಗೆ ಒಟ್ಟಿಗೆ ಕೂತು, ಹಿಂದೆ ಮುಂದೆ ಮಾಡಿ ನೋಡುವುದು ರಷ್ಯನ್ ಸಿನಿಮಾದ ಬುಡದಲ್ಲೇ ಇದೆ. 1919ರಲ್ಲಿ ಮಾಸ್ಕೋದಲ್ಲಿ ಸಿನಿಮಾ ಶಾಲೆ ಶುರುವಾಯಿತು. ಈಗ ಅದನ್ನು ವಿಜಿಐಕೆ ಅನ್ನುತ್ತಾರೆ. ಆಗ ಅಂತರ್ಯುದ್ಧದ ಕಾಲ, ಫಿಲಂ ಸಿಗುತ್ತಿರಲಿಲ್ಲ. ಅಲ್ಲಿ ಕಲಿಸುತ್ತಿದ್ದ ಲೆವ್ ಕುಲೆಶೋವ್ ಆಗಿನ್ನೂ ಇಪ್ಪತ್ತರ ಹರೆಯದವನು. ಆತನ ಶಿಷ್ಯರು ಫಿಲಂ ಇಲ್ಲದೆಯೇ ದೃಶ್ಯಗಳನ್ನು ಅಭಿನಯಿಸಿ ಅಭ್ಯಾಸ ಮಾಡುತ್ತಿದ್ದರು. ಇದ್ದ ಸಿನಿಮಾಗಳ ತುಂಡುಗಳನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿ ನೋಡುತ್ತಿದ್ದರು. ಆ ಬಳಗದ ಪುಡೊವ್ಕಿನ್ ಮುಂದೆ ಒಂದು ಪ್ರಯೋಗದ ಬಗ್ಗೆ ಬರೆದ. ಮೊಜೂಖಿನ್ ಎಂಬ ನಟನ ಭಾವವಿಲ್ಲದ ಒಂದೇ ಮುಖ. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸು, ಒಮ್ಮೆ ಆಡುವ ಮಗು. ನೋಡಿದವರು ನಟನ ಮುಖದಲ್ಲಿ ಹಸಿವು, ದುಃಖ, ವಾತ್ಸಲ್ಯ ಕಂಡು ಮೆಚ್ಚಿದರಂತೆ. ಮುಖ ಮಾತ್ರ ಬದಲಾಗಿರಲೇ ಇಲ್ಲ. ಒಂದೇ ದೃಶ್ಯ ನೋಡಿ ನಿಮ್ಮ ಆರು ಜನ ಆರು ಥರ ಹೇಳಿದರೆ ಗಾಬರಿಯಾಗಬೇಡಿ. ನೋಡುವವರು ತುಂಬುತ್ತಾರೆ ಅಂತ ಗೊತ್ತಿದ್ದವರೇ ಆ ಸಿನಿಮಾಗಳನ್ನು ಕಟ್ಟಿದ್ದು.

ಇನ್ನು ಅವ್ವನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಇಷ್ಟವಾದ ಸಾಲು ಅದು. ಅವರಿಗಾಗಿ ಗ್ರಿಗೋರಿ ಚುಖ್ರಾಯ್‌ನ ‘ಬ್ಯಾಲಡ್ ಆಫ್ ಎ ಸೋಲ್ಜರ್’ ಹಾಕಿ. 1959ರ ಸಿನಿಮಾ. ಹತ್ತೊಂಬತ್ತರ ಹುಡುಗ ಅಲ್ಯೋಷಾ ಎರಡು ಟ್ಯಾಂಕ್ ಹೊಡೆದಿದ್ದಾನೆ. ಪದಕ ಬೇಡ, ಊರಿಗೆ ಹೋಗಿ ತಾಯಿಯ ಮನೆಯ ಸೂರು ರಿಪೇರಿ ಮಾಡಿ ಬರುತ್ತೇನೆ ಅನ್ನುತ್ತಾನೆ. ಹೋಗಲು ಎರಡು ದಿನ, ಬರಲು ಎರಡು ದಿನ, ಸೂರಿಗೆ ಎರಡು ದಿನ ಅಂತ ಆರು ದಿನ ರಜೆ ಸಿಗುತ್ತದೆ. ದಾರಿಯಲ್ಲಿ ಒಬ್ಬೊಬ್ಬರಿಗೆ ನೆರವಾಗುತ್ತ ರಜೆಯೆಲ್ಲ ಖರ್ಚಾಗುತ್ತದೆ. ಒಬ್ಬ ಸೈನಿಕ ತನ್ನ ಹೆಂಡತಿಗೆಂದು ಸೋಪು ಕಳಿಸಿರುತ್ತಾನೆ. ಆ ಸೋಪು ಕೊನೆಗೆ ಯಾರ ಕೈ ಸೇರುತ್ತದೆ ಅನ್ನುವುದನ್ನು ನಾನು ಹೇಳುವುದಿಲ್ಲ, ನೀವೇ ನೋಡಿ. ಹುಡುಗ ತಿರುಗಿ ಬರಲಿಲ್ಲ ಅಂತ ಸಿನಿಮಾ ಶುರುವಿನಲ್ಲೇ ಹೇಳಿಬಿಡುತ್ತದೆ. ಆ ಎರಡು ಮಾತನ್ನು ಮೊದಲೇ ಕನ್ನಡದಲ್ಲಿ ಹೇಳಿ ಕೂರಿಸಿದರೆ ಅವ್ವನಿಗೆ ಮಿಕ್ಕಿದ್ದು ಮುಖಗಳಲ್ಲೇ ತಿಳಿಯುತ್ತದೆ.

ಮೂಕಿ ಸಿನಿಮಾಗಳನ್ನೂ ಹಾಕಿ. ಐಸೆನ್‌ಸ್ಟೈನ್‌ನ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ (1925) ನೋಡುವಾಗ ನಡುವೆ ಬರುವ ಬರಹಗಳನ್ನು ಒಬ್ಬರು ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳಬಹುದು. ಜೀಗಾ ವೆರ್ತೊವ್‌ನ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ (1929) ಆದರೆ ಆ ತೊಂದರೆಯೂ ಇಲ್ಲ, ಅದರಲ್ಲಿ ನಡುಬರಹವೇ ಇಲ್ಲ. ನಗರಗಳು ಏಳುತ್ತವೆ, ದುಡಿಯುತ್ತವೆ, ಆಡುತ್ತವೆ. ನಡುವೆ ಒಬ್ಬ ಹೆಂಗಸು ಫಿಲಂ ತುಂಡುಗಳನ್ನು ಹಿಡಿದು ನೋಡಿ ಜೋಡಿಸುತ್ತಾಳೆ. ಆಕೆಯೇ ಆ ಸಿನಿಮಾದ ಸಂಕಲನಕಾರ್ತಿ, ವೆರ್ತೊವ್‌ನ ಹೆಂಡತಿ ಎಲಿಜವೆತಾ ಸ್ವಿಲೊವಾ. ಆಗ ಸುಮ್ನೆ ಅವ್ವನ ಕಡೆ ಒಮ್ಮೆ ನೋಡಿ.

ಯುದ್ಧದ ಪ್ರಶ್ನೆ ಕೇಳಿದ ಗೆಳೆಯರಿಗೆ ನನ್ನ ನಮಸ್ಕಾರ. ಅದನ್ನು ತಳ್ಳಿಹಾಕಬೇಡಿ. ನಾವು ಸಲೀಸಾಗಿ ರಷ್ಯನ್ ಅನ್ನುವ ಎಷ್ಟೋ ಸಿನಿಮಾಗಳು ಹಲವು ನಾಡುಗಳು ಸೇರಿದ್ದ ಸೋವಿಯತ್ ಒಕ್ಕೂಟದ ಸಿನಿಮಾಗಳು. ಕಲಾತೊಜೊವ್ ಹುಟ್ಟಿದ್ದು ಜಾರ್ಜಿಯಾದ ಟಿಬಿಲಿಸಿಯಲ್ಲಿ. ‘ಪೊಟೆಮ್ಕಿನ್’ನಲ್ಲಿ ಬರುವ ಹೆಸರಾದ ಮೆಟ್ಟಿಲುಗಳು ಇರುವುದು ಉಕ್ರೇನಿನ ಒಡೆಸಾದಲ್ಲಿ. ಚುಖ್ರಾಯ್ ಹುಟ್ಟಿದ್ದು ಉಕ್ರೇನಿನ ಮೆಲಿಟೊಪೋಲ್‌ನಲ್ಲಿ, 2022ರಲ್ಲಿ ರಷ್ಯಾ ಹಿಡಿದುಕೊಂಡ ಊರು ಅದು. ‘ದಿ ಅಸೆಂಟ್’ ಮಾಡಿ 1977ರಲ್ಲಿ ಬರ್ಲಿನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಗೆದ್ದ ಲರೀಸಾ ಶೆಪಿಟ್ಕೊ ಹುಟ್ಟಿದ ಉಕ್ರೇನಿನ ಊರನ್ನು ಈಗ ಬಖ್ಮುತ್ ಅನ್ನುತ್ತಾರೆ. ಆ ಊರಿಗೆ ಏನಾಯಿತು ಅಂತ ಟಿವಿಯಲ್ಲಿ ನೀವೂ ನೋಡಿದ್ದೀರಿ. ಹಾಗಾಗಿ ನೋಡುವುದು ಬೇಡ ಅಂತ ನಾನು ಹೇಳಲಾರೆ. ಆದರೆ ಪ್ರತಿ ಸಿನಿಮಾಕ್ಕೆ ಮೊದಲು ಅದು ಯಾರದು, ಯಾವ ನೆಲದ್ದು ಅಂತ ಒಂದು ಮಾತು ಹೇಳಿ ಶುರು ಮಾಡಿ. ನಿರ್ದೇಶಕ ಡೊವ್ಜೆಂಕೊನನ್ನು ಉಕ್ರೇನಿನವನು ಅಂತಲೇ ಕರೆಯಿರಿ. ಇನ್ನೊಬ್ಬ ನಿರ್ದೇಶಕ ಪರಜಾನೊವ್ ಅರ್ಮೇನಿಯನ್ ಮನೆತನದವನು, 1973ರಲ್ಲಿ ಬಂಧಿಸಿ ನಾಲ್ಕು ವರ್ಷ ಸೆರೆಯಲ್ಲಿಟ್ಟರು ಅಂತ ಹೇಳಿ. ತಾರ್ಕೊವ್‌ಸ್ಕಿಯ ‘ಆಂದ್ರೇ ರುಬ್ಲಿಯೊವ್’ 1966ರಲ್ಲೇ ತಯಾರಾಗಿದ್ದರೂ ಆ ದೇಶದ ಜನ ನೋಡಲು 1971 ಬರಬೇಕಾಯಿತು. ಸಿನಿಮಾ ಮಾಡಿದವರನ್ನೂ ಅವರ ಮೇಲೆ ಅಧಿಕಾರ ನಡೆಸಿದವರನ್ನೂ ಒಂದೇ ಗಂಟಿಗೆ ಕಟ್ಟಬಾರದು ಅನ್ನುವುದು ನನ್ನ ಗಟ್ಟಿ ನಿಲುವು. ಇನ್ನೊಂದು ಗೊತ್ತಿರಲಿ. ಮಾಸ್‌ಫಿಲ್ಮ್ ಸ್ಟುಡಿಯೋ 2011ರಿಂದ ತನ್ನ ಹಳೆಯ ಸಿನಿಮಾಗಳನ್ನು ಯೂಟ್ಯೂಬಿನಲ್ಲಿ ಉಚಿತವಾಗಿ ಹಾಕುತ್ತ ಬಂದಿದೆ, ಅನೇಕಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಇದೆ. ಅದು ರಷ್ಯಾ ಸರ್ಕಾರದ ಸ್ಟುಡಿಯೋ. ಅಲ್ಲಿ ನೋಡಬೇಕೋ ಬೇಡವೋ ನಿಮ್ಮ ಗುಂಪೇ ತೀರ್ಮಾನಿಸಲಿ.

‘ಕಮ್ ಅಂಡ್ ಸೀ’ (1985) ಮಾತ್ರ ಹೇಳದೆ ಕೇಳದೆ ಹಾಕಬೇಡಿ. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಬೆಲಾರುಸ್‌ನಲ್ಲಿ 628 ಹಳ್ಳಿಗಳನ್ನು ಜನರ ಸಮೇತ ಸುಟ್ಟರು ಅಂತ ಆ ಸಿನಿಮಾದ ಕೊನೆಯಲ್ಲಿ ಬರುತ್ತದೆ. ಅದರಲ್ಲಿ ಒಂದು ಹಳ್ಳಿ ನಮ್ಮ ಕಣ್ಣೆದುರಿಗೇ ಉರಿಯುತ್ತದೆ. ಏನಿದೆ ಅಂತ ಮೊದಲೇ ಹೇಳಿ, ಬೇಡ ಅನ್ನುವವರಿಗೆ ಎದ್ದು ಹೋಗಲು ಬಿಡಿ. ಅದರ ಮುಂದಿನ ವಾರ ನಗಿಸುವಂಥದ್ದು ಇರಲಿ. ರಿಯಾಜಾನೊವ್‌ನ ‘ದಿ ಐರನಿ ಆಫ್ ಫೇಟ್’ ಹಾಕಿ. ಅಮಲಿನಲ್ಲಿ ಬೇರೆ ಊರಿಗೆ ಹೋಗಿಬಿಟ್ಟವನಿಗೆ ಅಲ್ಲೂ ಅದೇ ಬೀದಿ, ಅದೇ ಕಟ್ಟಡ, ಅದೇ ಬೀಗದ ಕೈ! ಪ್ರತಿ ಹೊಸ ವರ್ಷಕ್ಕೂ ರಷ್ಯಾದ ಮನೆಗಳಲ್ಲಿ ಟಿವಿಯಲ್ಲಿ ಇದು ಬರುತ್ತದೆ.

ಇಷ್ಟಾದ ಮೇಲೆ ‘ಸ್ಟಾಕರ್’ಗೆ ಹೋಗಿ, ಆದರೆ ಊಟಕ್ಕೆ ಮುಂಚೆ. ಮೂವರು ಹಳಿಯ ಮೇಲಿನ ಟ್ರಾಲಿಯಲ್ಲಿ ಕೂತು ‘ವಲಯ’ ಅನ್ನುವ ನಿಷೇಧಿತ ಜಾಗದ ಒಳಗೆ ಹೋಗುವ ಭಾಗ ಬಂದಾಗ ಕತೆ ಬಿಡಿ, ಕಿವಿ ಕೊಡಿ. ಚಕ್ರದ ಕಟಕಟ ಸದ್ದು ಗೊತ್ತೇ ಆಗದ ಹಾಗೆ ಸಂಗೀತಕ್ಕೆ ತಿರುಗುತ್ತದೆ, ಅದು ಸಂಗೀತ ಕೊಟ್ಟ ಅರ್ತೆಮಿಯೆವ್‌ನ ಕೈಚಳಕ. ಕಂದು ಬಣ್ಣದ ಚಿತ್ರ ಒಮ್ಮೆಗೇ ಹಸಿರಾಗುತ್ತದೆ. ಹಿಂದಿನ ಸಲ ನಿದ್ದೆ ಹೋದವರನ್ನೇ, ಸದ್ದು ಬದಲಾದದ್ದು ಯಾವಾಗ ಅಂತ ಕೇಳಿ ನೋಡಿ.

ಒಂದು ಕೋರಿಕೆ. ‘ಕ್ರೇನ್ಸ್’ ನೋಡಿದ ರಾತ್ರಿ ಯಾರು ಏನು ಕಂಡರು ಅಂತ ಬರೆದು ಕಳಿಸಿ. ವಿಮರ್ಶೆ ಬೇಡ, ಆಡಿದ ಮಾತು ಆಡಿದ ಹಾಗೇ ಇರಲಿ, ಧಾರವಾಡದ ಮಾತಿನಲ್ಲೇ ಇರಲಿ. ಅವ್ವ ಏನಂದರು ಅನ್ನುವುದೂ ಬರಲಿ. ಪತ್ರಿಕೆಯಲ್ಲಿ ಎರಡು ಪುಟ ಬಿಟ್ಟುಕೊಂಡಿರುತ್ತೇವೆ.

– ಸಂಪಾದಕ