ನೀರನ್ನು ಪೂರ್ತಿ ಬದಲಿಸುವುದು ಬೇಡ

ಮೂರು ವಾರಗಳ ಹಿಂದೆ ಆರಂಭಿಸಿದ ಅಕ್ವಾಪೋನಿಕ್ಸ್ (ಒಂದೇ ನೀರಿನಲ್ಲಿ ಮೀನು ಮತ್ತು ಗಿಡ ಎರಡನ್ನೂ ಬೆಳೆಸುವ) ತೊಟ್ಟಿಯಲ್ಲಿ, ಮೀನುಗಳ ತ್ಯಾಜ್ಯದಿಂದ ಉಂಟಾಗುವ ಅಮೋನಿಯಾ ಲೀಟರಿಗೆ 4 ಮಿಲಿಗ್ರಾಂ ತೋರಿಸುತ್ತಿದೆ, ನೀರನ್ನೆಲ್ಲ ಬದಲಿಸಬೇಕೇ ಎಂದು ಕೇಳಿದ್ದೀರಿ. ಬೇಡ. ಎರಡು ದಿನ ಮೀನುಗಳಿಗೆ ಆಹಾರ ಹಾಕದೆ, ಮೂರನೇ ಒಂದು ಭಾಗದಷ್ಟು ನೀರನ್ನು ಮಾತ್ರ ತೆಗೆದು, ಅದೇ ಉಷ್ಣತೆಯ ನೀರನ್ನು ತುಂಬಿ, ಮರುದಿನ ಮತ್ತೆ ಅಳೆಯಿರಿ. ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೀರಿಗಿಂತ ಹೆಚ್ಚಾಗಿ ಗಿಡಗಳ ತಳದ ಜಲ್ಲಿಕಲ್ಲುಗಳ ಮೇಲೆ ನೆಲೆಸುವುದರಿಂದ ಇಷ್ಟು ಬದಲಾವಣೆಯಿಂದ ಅವು ನಷ್ಟವಾಗುವುದಿಲ್ಲ. ಆದರೆ ನಲ್ಲಿ ನೀರಿನ ಕ್ಲೋರಿನ್ ಅವುಗಳನ್ನು ಕೊಲ್ಲಬಲ್ಲದು. ಆದ್ದರಿಂದ ಆ ನೀರನ್ನು ತೆರೆದ ಪಾತ್ರೆಯಲ್ಲಿ 24 ಗಂಟೆ ಗಾಳಿಯಾಡಿಸಿದ ಮೇಲೆಯೇ ಬಳಸಿರಿ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ಸೋಂಕುನಿವಾರಕವಾದ ಕ್ಲೋರಮೈನ್ ಬೆರೆತಿದ್ದರೆ ಇದು ಸಾಲದು). ನೀರಿನ ಪಿಎಚ್ (ಆಮ್ಲೀಯತೆ ಅಥವಾ ಕ್ಷಾರೀಯತೆಯ ಅಳತೆ) ಎಷ್ಟಿದೆಯೆಂದು ನೀವು ಬರೆದಿಲ್ಲ. ಅದು ಏರಿದಂತೆಲ್ಲ ಅಷ್ಟೇ ಅಮೋನಿಯಾ ಮೀನುಗಳಿಗೆ ಇನ್ನಷ್ಟು ವಿಷಕಾರಿಯಾಗುವುದರಿಂದ ದಯವಿಟ್ಟು ಅದನ್ನೂ ಅಳೆದು ತಿಳಿಸಿರಿ.