ಕೆರೆ ಅಂಗಳಕ್ಕೆ ಯಾವ ಹುಲ್ಲು ಬಿತ್ತಬೇಕು ಎಂದು ಕೇಳಿದವರಿಗೆ

ಮಾನ್ಯರೇ,

ಜಗಳೂರು ತಾಲ್ಲೂಕಿನ ತಮ್ಮ ಊರ ಕೆರೆಯ ಬಗ್ಗೆ ತಾವು ಬರೆದದ್ದನ್ನು ಎರಡು ಸಲ ಓದಿದೆ. ಕೆರೆ ಸುಮಾರು 60 ಎಕರೆಯದು. ಏತ ನೀರಾವರಿಯ ನೀರು ಬಂದು ತುಂಬಿದ ಮೇಲೆ ಎರಡು ವರ್ಷದಿಂದ ಒಣಗಿಲ್ಲ. ಹಿನ್ನೀರಿನ ಕಡೆ ಜೊಂಡು ಹಬ್ಬುತ್ತಿದೆ. ಬರುವ ಬೇಸಿಗೆಯಲ್ಲಿ ಹೂಳೆತ್ತಿಸಿ, ಜೊಂಡಿಗೆ ಬೆಂಕಿ ಹಾಕಿ, ದನಕುರಿ ಇಳಿಯದಂತೆ ತಂತಿಬೇಲಿ ಬಿಗಿದು, ಅಂಗಳದ ಅಂಚಿಗೆ ಮೇವಿನ ಹುಲ್ಲು ನಾಟಿ ಮಾಡಬೇಕೆಂದು ಕೆರೆ ಸಮಿತಿಯಲ್ಲಿ ಮಾತಾಗಿದೆ ಎಂದಿದ್ದೀರಿ. ಆ ಹುಲ್ಲು ಯಾವುದಾಗಿರಬೇಕು ಎಂಬುದು ತಮ್ಮ ಪ್ರಶ್ನೆ. ಯಾವುದನ್ನೂ ಬಿತ್ತಬೇಡಿ ಎಂಬುದೇ ನನ್ನ ಉತ್ತರ. ತಮ್ಮ ಕೆರೆಯ ಮಣ್ಣಿನಲ್ಲಿ ಬೀಜವಿದೆ. ಅದು ಮೊಳೆಯಲು ಬೇಕಾದದ್ದು ನೀರಿನ ಏರಿಳಿತ. ಸಮಿತಿಯ ನಾಲ್ಕು ಯೋಜನೆಗಳಲ್ಲಿ ಮೂರು ಆ ಬೀಜಕ್ಕೂ ಆ ಏರಿಳಿತಕ್ಕೂ ಅಡ್ಡಿಯಾಗುವಂಥವು ಎಂಬ ಕಾರಣಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ದಾವಣಗೆರೆ ಸಮೀಪದ ನಮ್ಮೂರ ಕೆರೆಯಲ್ಲಿ ನಾನು ಎಂಟು ವರ್ಷಗಳಿಂದ ಗಿಡ ಗುರುತಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ನಮ್ಮ ಕಡೆಯ ಕೆರೆಗಳು ತುಂಬುವುದು ಬಹುಮಟ್ಟಿಗೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳಿಗೆ. ಸಂಕ್ರಾಂತಿ ಕಳೆದ ಮೇಲೆ ನೀರು ಹಿಂದೆ ಸರಿಯತೊಡಗಿ, ಯುಗಾದಿಯ ಹೊತ್ತಿಗೆ ಅಂಗಳದ ಮುಕ್ಕಾಲು ಭಾಗ ಬಿರುಕು ಬಿಟ್ಟಿರುತ್ತದೆ. ಹೀಗೆ ವರ್ಷದಲ್ಲಿ ಅರ್ಧ ಕಾಲ ನೀರು, ಅರ್ಧ ಕಾಲ ಬಿಸಿಲು ಕಾಣುವ ನೆಲದಲ್ಲಿ ಯಾವ ಒಂದು ಗಿಡವೂ ಪೂರ್ತಿ ಆಳಲಾರದು. ಮೇಲಿನ ಗೋಮಾಳದಿಂದ ಇಳಿದು ಬರುವ ಗಿಡಗಳನ್ನು ನೀರು ಕೊಳೆಸುತ್ತದೆ, ನೀರಿನ ಗಿಡಗಳನ್ನು ಬೇಸಿಗೆ ಒಣಗಿಸುತ್ತದೆ. ನಡುವೆ ಸಿಕ್ಕ ಕೆಲವೇ ವಾರಗಳಲ್ಲಿ ಮೊಳೆತು, ಹೂಬಿಟ್ಟು, ಬೀಜ ಉದುರಿಸಿ ಮುಗಿಸುವ ಸಣ್ಣ ಸಣ್ಣ ಜಾತಿಗಳಿಗೆ ಜಾಗ ಸಿಗುತ್ತದೆ. ನಾನು ನಾಲ್ಕು ಗೂಟ ನೆಟ್ಟು ಗುರುತಿಟ್ಟುಕೊಂಡಿರುವ ಒಂದು ಚದರ ಗಜದ ಜಾಗದಲ್ಲಿ ಕಾರ್ತಿಕದಲ್ಲಿ ನೈದಿಲೆಯ ಎಲೆ ತೇಲುತ್ತಿರುತ್ತದೆ, ಮಾಘದಲ್ಲಿ ಜೇಕು ಮತ್ತು ಹೊನಗೊನ್ನೆ ಇರುತ್ತವೆ, ಚೈತ್ರದಲ್ಲಿ ನೆಲಕ್ಕಂಟಿದ ಬೂದುಬಣ್ಣದ ಪುಟ್ಟ ಗಿಡಗಳ ನಡುವೆ ಗರಿಕೆ ಕಾಲು ಚಾಚಿರುತ್ತದೆ. ಒಮ್ಮೆ ನೋಡಿ ಪಟ್ಟಿ ಮಾಡಿದವರಿಗೆ ಇದರಲ್ಲಿ ಮೂರನೆಯ ಒಂದು ಪಾಲು ಮಾತ್ರ ಕಂಡೀತು.

ಜಾಗದಿಂದ ಜಾಗಕ್ಕೂ ಇದೇ ಬಗೆಯ ವ್ಯತ್ಯಾಸವಿದೆ. ಕೋಡಿಯ ಮಟ್ಟದಿಂದ ನೀರಿನ ಕಡೆಗೆ ಇಳಿಯುತ್ತ ಹೋದರೆ ಮೊದಲು ಗರಿಕೆ ಸಿಗುತ್ತದೆ. ತುಸು ತೇವವಿರುವಲ್ಲಿ ನಾವು ಹೊಲದಲ್ಲಿ ಬೆಳೆಯುವ ಹಾರಕದ ಕಾಡುರೂಪವೂ, ಊದಲಿನ ಕಾಡುಮೂಲವಾದ ಹುಲ್ಲೂ ಕಾಣುತ್ತವೆ. ನಮ್ಮ ದೇಶದ ಊದಲು ಇದೇ ಕಾಡುಹುಲ್ಲಿನಿಂದ ಒಕ್ಕಲಾದ ಬೆಳೆ. ದನಗಳಿಗೆ ಇದಕ್ಕಿಂತ ಪ್ರಿಯವಾದ ಹಸಿಮೇವು ಅಂಗಳದಲ್ಲಿ ಇನ್ನೊಂದಿಲ್ಲವೆಂದು ನಮ್ಮೂರ ದನಗಾಹಿಗಳು ಹೇಳುತ್ತಾರೆ. ಇನ್ನೂ ಕೆಳಗೆ ಒಂದೆಲಗ, ನೀರುಬ್ರಾಹ್ಮಿ, ಗರಗ, ಬಗೆಬಗೆಯ ಜೇಕು, ಮೊಣಕಾಲುದ್ದದ ನೀರಿನಲ್ಲಿ ಮುಳ್ಳಿನ ಕೊಳವಳಿಕೆ, ನಾಲ್ಕೆಲೆಯ ನೀರುಜರಿ, ಬಾಸಿಂಗಕ್ಕೆ ಬಳಸುವ ಬೆಂಡಿನ ಗಿಡ, ಅದರಾಚೆ ನೈದಿಲೆ. ಬೆಂಡಿನ ಗಿಡದ ಹತ್ತಿರದ ಬಂಧುಗಳಲ್ಲಿ ಕೆಲವಕ್ಕೆ ಬೇರಿನ ಜೊತೆಗೆ ಕಾಂಡದ ಮೇಲೂ ಗಂಟುಗಳಾಗಿ, ಅವುಗಳೊಳಗಿನ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ನೀರಿನಲ್ಲಿ ಬೇರು ಉಸಿರುಕಟ್ಟುವ ಸ್ಥಳಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಕಂಡಿಲ್ಲ.

ಹುಲ್ಲನ್ನೂ ಜೇಕನ್ನೂ ಒಂದೇ ಎಂದು ಬರೆದುಕೊಳ್ಳುವ ತಪ್ಪು ಬಹಳ ಜನರಿಂದ ಆಗುತ್ತದೆ. ಹೂವಿನ ಕೆಳಗಿನ ದಂಟನ್ನು ಎರಡು ಬೆರಳುಗಳ ನಡುವೆ ಇಟ್ಟು ಹೊಸೆದು ನೋಡಿ. ಹುಲ್ಲಿನ ದಂಟು ದುಂಡಗೆ ಉರುಳುತ್ತದೆ, ಅದರಲ್ಲಿ ಗೆಣ್ಣುಗಳಿರುತ್ತವೆ, ಎಲೆಗಳು ಎರಡು ಸಾಲಿನಲ್ಲಿರುತ್ತವೆ. ಜೇಕಿನ ಗುಂಪಿನಲ್ಲಿ ಬಹುಪಾಲು ಜಾತಿಗಳ ದಂಟು ಮೂರು ಮೂಲೆಯದಾಗಿ ಬೆರಳಿಗೆ ತಡೆಯುತ್ತದೆ, ಒಳಗೆ ತುಂಬಿಕೊಂಡಿರುತ್ತದೆ, ಎಲೆಗಳು ಮೂರು ಸಾಲಿನಲ್ಲಿರುತ್ತವೆ. ಹೊಲದಲ್ಲಿ ನಮ್ಮನ್ನು ಗೋಳಾಡಿಸುವ ತುಂಗೆಗಡ್ಡೆಯೂ ಈ ಗುಂಪಿನದೇ ಆದ್ದರಿಂದ ಜೇಕೆಂದರೆ ಕಳೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೆರೆಯ ಜೇಕುಗಳಲ್ಲಿ ಹೆಚ್ಚಿನವು ಹೊಲಕ್ಕೆ ಏರಿ ಬರುವಂಥವಲ್ಲ.

ಈಗ ಸಮಿತಿಯ ಯೋಜನೆಗಳಿಗೆ ಬರುತ್ತೇನೆ. ದನಗಳನ್ನು ಪೂರ್ತಿಯಾಗಿ ನಿಲ್ಲಿಸುವ ಮೊದಲು ರಾಜಸ್ಥಾನದ ಭರತಪುರದಲ್ಲಿ, ಕೇವಲಾದೇವ ಪಕ್ಷಿಧಾಮದಲ್ಲಿ ಆದದ್ದನ್ನು ದಯವಿಟ್ಟು ಸಭೆಯಲ್ಲಿ ಹೇಳಿ. ಅಲ್ಲಿ 1982ರಲ್ಲಿ ಎಮ್ಮೆದನಗಳ ಮೇವನ್ನು ನಿಷೇಧಿಸಿದರು. ಸುತ್ತಲಿನ ಹಳ್ಳಿಯವರ ಪ್ರತಿಭಟನೆಯಲ್ಲಿ ಪ್ರಾಣಹಾನಿಯೂ ಆಯಿತು. ಆಮೇಲೆ ಹಾರಕದ ಕುಲಕ್ಕೇ ಸೇರಿದ ಒಂದು ನೀರುಹುಲ್ಲು ತಿನ್ನುವವರಿಲ್ಲದೆ ಚಾಪೆಯಂತೆ ಹಬ್ಬಿ, ತೆರೆದ ನೀರನ್ನು ಮುಚ್ಚಿ, ಹಕ್ಕಿಗಳಿಗೂ ಮೀನಿಗೂ ಜಾಗವಿಲ್ಲದಂತೆ ಮಾಡಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅಲ್ಲಿ ವರ್ಷಗಟ್ಟಲೆ ಅಧ್ಯಯನ ನಡೆಸಿ, ಎಮ್ಮೆಗಳು ಆ ಜೌಗಿನ ಆರೋಗ್ಯಕ್ಕೆ ಅಗತ್ಯವಾಗಿದ್ದವು ಎಂಬ ತೀರ್ಮಾನಕ್ಕೆ ಬಂದರು. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಪಾಲೊ ವೆರ್ದೆ ಎಂಬಲ್ಲಿಯೂ ನಮ್ಮಂತೆಯೇ ಅರ್ಧ ವರ್ಷ ಮಳೆ, ಅರ್ಧ ವರ್ಷ ಒಣ ಹವೆಯ ಜೌಗುಭೂಮಿ ಇದೆ. ಅದನ್ನು ರಾಷ್ಟ್ರೀಯ ಉದ್ಯಾನವಾಗಿಸಿ ದನಗಳನ್ನು ಹೊರಗೆ ಕಳಿಸಿದ ಮೇಲೆ, ನಮ್ಮ ಜೊಂಡಿನ ಸೋದರ ಜಾತಿಯೊಂದು ಜೌಗಿನ ಬಹುಭಾಗವನ್ನು ಆವರಿಸಿತು.

ಅಲ್ಲಿಯವರು ಕಂಡುಕೊಂಡ ಉಪಾಯ ನಮ್ಮ ಭದ್ರಾ ಅಚ್ಚುಕಟ್ಟಿನ ಭತ್ತದ ರೈತರಿಗೆ ಹೊಸದೇನಲ್ಲ. ಗದ್ದೆಯ ಕೆಸರು ತುಳಿಸಲು ನಾವು ಹಾಕುವ ಕೇಜ್ ವೀಲ್‌ನಂಥ ಕಬ್ಬಿಣದ ಚಕ್ರಗಳನ್ನು ಟ್ರ್ಯಾಕ್ಟರಿಗೆ ಜೋಡಿಸಿ, ನೀರು ನಿಂತಿರುವಾಗಲೇ ಜೊಂಡನ್ನು ಕೆಸರಿನೊಳಗೆ ತುಳಿಸುತ್ತಾರೆ. ಜೊಂಡು ತನ್ನ ಬೇರುಗೆಡ್ಡೆಗೆ ಗಾಳಿಯನ್ನು ಎಲೆಯ ಟೊಳ್ಳುಗಳ ಮೂಲಕ ಇಳಿಸುತ್ತದೆ. ಒಣಗಿ ನಿಂತ ಎಲೆಯೂ ಕೊಳವೆಯಂತೆ ಕೆಲಸ ಮಾಡುತ್ತದೆ. ಆ ಕೊಳವೆಗಳೆಲ್ಲ ನೀರಿನಡಿ ಮುರಿದರೆ ಗೆಡ್ಡೆ ಉಸಿರುಕಟ್ಟಿ ಕೊಳೆಯುತ್ತದೆ. ಬೇಸಿಗೆಯಲ್ಲಿ ಬೆಂಕಿ ಹಾಕಿದರೆ ಮೇಲಿನ ಎಲೆ ಮಾತ್ರ ಸುಟ್ಟು, ಗೆಡ್ಡೆ ಕೆಳಗೆ ಕ್ಷೇಮವಾಗಿದ್ದು, ಮೊದಲ ಮಳೆಗೆ ಇನ್ನಷ್ಟು ಒತ್ತಾಗಿ ಚಿಗುರುತ್ತದೆ. ಹೀಗಾಗಿ ತಾವು ಬೆಂಕಿಯನ್ನು ಬಿಟ್ಟು, ನೀರು ಒಂದೆರಡು ಅಡಿ ನಿಂತಿರುವಾಗ ಕುಡುಗೋಲಿನಿಂದ ಜೊಂಡನ್ನು ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಕೊಯ್ಯಿಸಿ, ಮತ್ತೆ ಚಿಗುರಿದರೆ ಇನ್ನೊಮ್ಮೆ ಹಾಗೆಯೇ ಮಾಡಿಸಿ. ನೀರಿಗಿಳಿಯುವವರು ಒಬ್ಬೊಬ್ಬರೇ ಹೋಗಬಾರದು, ಹೂಳು ಮೆತ್ತಗಿರುವ ಕಡೆಯನ್ನು ಕೋಲಿನಿಂದ ಮೊದಲು ಅಳೆದುಕೊಳ್ಳಬೇಕು. ಜೊಂಡನ್ನು ನಿರ್ನಾಮ ಮಾಡಬೇಕಾಗಿಲ್ಲ; ಒಂದು ಮೂಲೆಯಲ್ಲಿ ಉಳಿಸಿದರೆ ನೀರುಕೋಳಿಗಳು ಗೂಡು ಕಟ್ಟುತ್ತವೆ.

ಮೇವಿನ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಮಿತಿಯಿಲ್ಲದೆ ಕುರಿ ಬಿಟ್ಟರೆ ಹುಲ್ಲು ಬೀಜ ಕಟ್ಟುವ ಮೊದಲೇ ಮುಗಿದು, ಕುರಿ ಮುಟ್ಟದ ಗಿಡಗಳೂ ಪಾರ್ಥೇನಿಯಮ್ಮೂ ಉಳಿಯುತ್ತವೆ. ಅಂಗಳವನ್ನು ಮೂರು ಭಾಗ ಮಾಡಿ, ನೀರು ಸರಿದ ಮೇಲೆ ಒಂದು ಭಾಗಕ್ಕೆ ಬೀಜ ಉದುರುವ ತನಕ ಬಿಡುವು ಕೊಟ್ಟು, ಪ್ರತಿ ವರ್ಷ ಆ ಭಾಗವನ್ನು ಬದಲಾಯಿಸುತ್ತ ಹೋಗುವುದು ಒಳ್ಳೆಯದು. ಎರಡನೆಯದು ಜಾನುವಾರುಗಳ ಆರೋಗ್ಯ. ನೀರಿನಂಚಿನ ಬಸವನಹುಳುಗಳ ಮೂಲಕ ಯಕೃತ್ತಿನ ಚಪ್ಪಟೆ ಹುಳುವಿನ ಮರಿಗಳು ಹುಲ್ಲಿಗೆ ಅಂಟಿಕೊಳ್ಳುತ್ತವೆ. ಆದ್ದರಿಂದ ನೀರಿಗೆ ತಾಗಿದ ಹಸಿ ಪಟ್ಟಿಯಲ್ಲಿ ಕುರಿಗಳನ್ನು ಮೇಯಿಸದೆ, ನೆಲ ಆರಿದ ಮೇಲ್ಭಾಗದಲ್ಲಿ ಮೇಯಿಸಬೇಕು, ಜಂತುನಾಶಕವನ್ನು ಪಶುವೈದ್ಯರನ್ನು ಕೇಳಿ ಹಾಕಿಸಬೇಕು.

ಹೂಳೆತ್ತುವ ಮಾತಿನಲ್ಲಿ ನನಗೆ ನಿಜವಾದ ಆತಂಕವಿದೆ, ಏಕೆಂದರೆ ನಮ್ಮೂರಲ್ಲಿ ಅದರ ಪರಿಣಾಮವನ್ನು ಕಣ್ಣಾರೆ ನೋಡಿದ್ದೇನೆ. ಐದು ವರ್ಷದ ಹಿಂದೆ ಕೆಲಸ ಹಿಡಿದವರು ಜೆಸಿಬಿಯಿಂದ ಅಂಗಳದ ಅಂಚನ್ನು ಗೋಡೆಯಂತೆ ಕಡಿದು, ಕೆರೆಯನ್ನು ಬಾಣಲೆಯ ಆಕಾರಕ್ಕೆ ತಂದರು. ನೀರು ಹೆಚ್ಚು ನಿಂತದ್ದು ನಿಜ, ಬೋರ್‌ವೆಲ್‌ಗಳಿಗೂ ಅನುಕೂಲವಾಯಿತು. ಆದರೆ ನನ್ನ ಪುಸ್ತಕದಲ್ಲಿ ಅಲ್ಲಿಯವರೆಗೆ ಬರೆದಿದ್ದ 63 ಜಾತಿಗಳಲ್ಲಿ ಆ ಬದಿಯಲ್ಲಿ ಮರುವರ್ಷ ಕಂಡದ್ದು 17 ಮಾತ್ರ. ದನಗಳು ನೀರಿಗಿಳಿಯಲು ದಾರಿಯೂ ಇಲ್ಲವಾಯಿತು. ಕಾರಣವನ್ನು ಸರಳ ಲೆಕ್ಕದಲ್ಲಿಯೇ ತಿಳಿಯಬಹುದು. 50 ಅಡಿಗೆ ಒಂದು ಅಡಿ ಇಳಿಜಾರಿರುವ ಅಂಚಿನಲ್ಲಿ ನೀರು ಒಂದು ಅಡಿ ಇಳಿದರೆ 50 ಅಡಿ ಅಗಲದ ತೇವದ ಪಟ್ಟಿ ತೆರೆದುಕೊಳ್ಳುತ್ತದೆ. ಗೋಡೆಯಂತೆ ಕಡಿದ ಅಂಚಿನಲ್ಲಿ ಅಂಗೈ ಅಗಲವೂ ತೆರೆದುಕೊಳ್ಳುವುದಿಲ್ಲ. ಅದರ ಜೊತೆಗೆ, ಮೊಳೆಯಬಲ್ಲ ಬೀಜದ ದಾಸ್ತಾನು ಇರುವುದು ಬಹುಪಾಲು ಮೇಲಿನ ನಾಲ್ಕು ಬೆರಳಿನಷ್ಟು ಮಣ್ಣಿನಲ್ಲಿ. ಅದೇ ಮಣ್ಣು ಫಲವತ್ತಾದ ಗೋಡುಮಣ್ಣೆಂದು ಮೊದಲ ಟ್ರ್ಯಾಕ್ಟರಿನಲ್ಲಿ ತೋಟಕ್ಕೆ ಹೋಗಿಬಿಡುತ್ತದೆ.

ಆದ್ದರಿಂದ ಏರಿಯ ಕಡೆಯ ಆಳದ ಭಾಗದಲ್ಲಿ ಬೇಕಾದಷ್ಟು ಹೂಳೆತ್ತಿಸಿ, ಅದಕ್ಕೆ ನನ್ನ ವಿರೋಧವಿಲ್ಲ. ಏರಿಯ ಬುಡಕ್ಕೆ ಮಾತ್ರ ಕೈಹಾಕಬೇಡಿ. ಹಿನ್ನೀರಿನ ಇಳಿಜಾರನ್ನು ಇದ್ದಂತೆಯೇ ಬಿಡಿ. ಅಲ್ಲಿಯೂ ತೆಗೆಯಲೇಬೇಕೆಂದು ಸಮಿತಿ ಹಟ ಹಿಡಿದರೆ, ಮೇಲಿನ ನಾಲ್ಕು ಬೆರಳು ಮಣ್ಣನ್ನು ಬೇರೆಯಾಗಿ ಕೆರೆದು ಒಂದು ಕಡೆ ಒಣದಾಗಿ ಗುಡ್ಡೆ ಹಾಕಿಸಿ, ಕೆಲಸ ಮುಗಿದ ಮೇಲೆ ಮಳೆಗೆ ಮುಂಚೆ ಅದೇ ಮಣ್ಣನ್ನು ತೆಳ್ಳಗೆ ಹರಡಿಸಬೇಕು. ಒಂದೇ ವರ್ಷ ಎಲ್ಲ ಬದಿಯನ್ನೂ ಮುಟ್ಟದಿದ್ದರೆ ಉಳಿದ ಬದಿಯಿಂದ ಬೀಜ ಹರಿದು ಬರುತ್ತದೆ.

ನಾಟಿ ಮಾಡುವ ಹುಲ್ಲಿನ ಪಟ್ಟಿಯಲ್ಲಿ ಪ್ಯಾರಾ ಹುಲ್ಲಿನ ಹೆಸರಿದ್ದರೆ ಅದನ್ನು ಮೊದಲು ಹೊಡೆದುಹಾಕಿ. ಆಫ್ರಿಕಾದಿಂದ ಬಂದ ಈ ಹುಲ್ಲು ಮೇವಿಗೆ ಒಳ್ಳೆಯದೇ, ಆದರೆ ನೀರಿನಲ್ಲಿ ತೇಲುತ್ತ ಗೆಣ್ಣುಗೆಣ್ಣಿಗೆ ಬೇರು ಬಿಟ್ಟು ಹಬ್ಬುತ್ತದೆ. ಆಸ್ಟ್ರೇಲಿಯಾದ ಕಾಕಡು ಬಯಲುಗಳಲ್ಲಿ ಅದು ಅಲ್ಲಿಯ ಕಾಡುಭತ್ತದ ಜಾಗವನ್ನೇ ನುಂಗಿದೆ. ಮೇವು ಬೇಕೆನ್ನುವವರು ನೇಪಿಯರ್ ಹುಲ್ಲನ್ನು ತಮ್ಮ ತಮ್ಮ ತೋಟದ ಬದುವಿನಲ್ಲಿ ಬೆಳೆಯಲಿ. ಏರಿಯ ಹೊರಮೈ ಕೊರೆಯದಂತೆ ಹಿಡಿಯಲು ಹುಲ್ಲು ಬೇಕಿದ್ದರೆ ಲಾವಂಚ ಸಾಕು. ದಕ್ಷಿಣದಲ್ಲಿ ಬೆಳೆಸುವ ಲಾವಂಚ ಬೀಜದಿಂದ ಹಬ್ಬುವುದಿಲ್ಲ. ಮರಗಳನ್ನು ಕೋಡಿಯ ಮಟ್ಟಕ್ಕಿಂತ ಮೇಲೆ ನೆಡಿ: ಹೊಂಗೆ, ನೇರಳೆ ಸಾಕು. ಅಂಗಳದೊಳಗಿನ ಬಳ್ಳಾರಿ ಜಾಲಿಯನ್ನು ಬುಡಸಮೇತ ಕೀಳಿಸಿ, ಹಳೆಯ ಕರಿಜಾಲಿ ನಾಲ್ಕಾರಿದ್ದರೆ ಕೊಕ್ಕರೆಗಳಿಗೆ ಬಿಡಿ.

ಕಾಡುಭತ್ತದ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಬೇಸಿಗೆಯಲ್ಲಿ ಒಣಗುವ ಕೆರೆಕುಂಟೆಗಳಲ್ಲಿ ಬೆಳೆದು ಒಂದೇ ವರ್ಷದಲ್ಲಿ ಮುಗಿಯುವ ಒಂದು ಕಾಡುಭತ್ತವಿದೆ. ಉದ್ದನೆಯ ಮೀಸೆ, ಮುಟ್ಟಿದರೆ ಉದುರುವ ಕಾಳು ಅದರ ಗುರುತು. ಕಂದು ಜಿಗಿಹುಳು ಹರಡುವ, ಪೈರನ್ನು ಹುಲ್ಲಿನ ಗುಪ್ಪೆಯಂತೆ ಗಿಡ್ಡವಾಗಿಸುವ ನಂಜುರೋಗ ಏಷ್ಯಾದ ಭತ್ತವನ್ನು ಕಾಡಿದಾಗ, ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 6,000ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರು. ತಡೆಯುವ ಶಕ್ತಿ ಸಿಕ್ಕಿದ್ದು ಉತ್ತರ ಪ್ರದೇಶದಿಂದ ಸಂಗ್ರಹಿಸಿದ್ದ ಈ ಕಾಡುಭತ್ತದ ಒಂದೇ ಮಾದರಿಯಲ್ಲಿ. ಐಆರ್ 36 ಎಂಬ ತಳಿಗೆ ಆ ಗುಣ ಬಂದದ್ದು ಅಲ್ಲಿಂದ. ತಮ್ಮ ಕೆರೆಯಲ್ಲಿ ಅಂಥದ್ದು ಕಂಡರೆ ಕಳೆಯೆಂದು ಕೀಳದೆ, ಚಿತ್ರ ತೆಗೆದು ನನಗೆ ಕಳಿಸಿ.

ನೀರು ತುಂಬಿಸುವವರೊಡನೆ ಸಮಿತಿ ಮಾತಾಡುವುದು ಎಲ್ಲಕ್ಕಿಂತ ಮುಖ್ಯ. ಜಗಳೂರಿನಂಥ ಬರದ ಸೀಮೆಗೆ ತುಂಗಭದ್ರೆಯ ನೀರು ಬಂದಿರುವುದು ಎಷ್ಟು ದೊಡ್ಡ ಸಂಗತಿಯೆಂದು ನನಗೆ ಗೊತ್ತು. ಕೆರೆಯನ್ನು ಬರಿದು ಮಾಡಿ ಎಂದು ನಾನು ಹೇಳುತ್ತಿಲ್ಲ. ಮಾಘದಿಂದ ವೈಶಾಖದವರೆಗೆ ಹೊಸ ನೀರು ಬಿಡದೆ, ಮಟ್ಟ ಮೂರು ನಾಲ್ಕು ಅಡಿ ತಾನಾಗಿ ಇಳಿಯುವಂತೆ ಬಿಟ್ಟರೆ, ಏರಿಯ ಬದಿಯ ಆಳದಲ್ಲಿ ನೀರು ಉಳಿದೇ ಇರುತ್ತದೆ, ಹಿನ್ನೀರಿನ ಅಂಗಳ ಬಿಸಿಲು ಕಾಣುತ್ತದೆ. ವರ್ಷವಿಡೀ ಒಂದೇ ಮಟ್ಟದಲ್ಲಿ ನಿಂತ ನೀರಿನಂಚು ಜೊಂಡಿಗೆ ಹೇಳಿ ಮಾಡಿಸಿದ ಜಾಗ. ತಮ್ಮ ಕೆರೆಯಲ್ಲಿ ಎರಡೇ ವರ್ಷಕ್ಕೆ ಅದು ಹಬ್ಬಿದ್ದು ಈ ಕಾರಣದಿಂದ ಎಂದು ನಾನು ನಂಬುತ್ತೇನೆ.

ಸಮಿತಿಯವರು ಬೀಜದ ಮಾತನ್ನು ನಂಬದಿದ್ದರೆ, ಈಗಲೇ ಒಂದು ಪರೀಕ್ಷೆ ಮಾಡಿ ತೋರಿಸಬಹುದು. ಅಂಗಳದ ಐದಾರು ಕಡೆಯಿಂದ ಮೇಲಿನ ಎರಡು ಬೆರಳಿನಷ್ಟು ಮಣ್ಣನ್ನು ಕೆರೆದು ತಂದು, ಬೆರೆಸಿ, ಎರಡು ಅಗಲವಾದ ತಟ್ಟೆಗಳಲ್ಲಿ ಹರಡಿ. ಒಂದನ್ನು ಸದಾ ತೇವವಾಗಿಡಿ, ಇನ್ನೊಂದರಲ್ಲಿ ಎರಡು ಅಂಗುಲ ನೀರು ನಿಲ್ಲಿಸಿ, ಹೊರಗಿನ ಬೀಜ ಬೀಳದಂತೆ ತೆಳ್ಳನೆಯ ಬಟ್ಟೆ ಕಟ್ಟಿ ಬೆಳಕಿರುವಲ್ಲಿ ಇಡಿ. ಎರಡು ತಿಂಗಳಲ್ಲಿ ಎರಡು ತಟ್ಟೆಗಳಲ್ಲೂ ಬೇರೆ ಬೇರೆ ಗಿಡಗಳು ಎದ್ದಿರುತ್ತವೆ. ಅವು ಹೂಬಿಟ್ಟಾಗ ಇಡೀ ಗಿಡ, ಹೂಗೊಂಚಲು, ಎಲೆ ದಂಟಿಗೆ ಸೇರುವ ಜಾಗ ಇವಿಷ್ಟರ ಹತ್ತಿರದ ಚಿತ್ರ ತೆಗೆದು, ಒಂದೊಂದು ಮಾದರಿಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒಣಗಿಸಿಡಿ. ಗುರುತಿಸಲು ಆಗದವುಗಳನ್ನು ದಾವಣಗೆರೆಯ ಕಾಲೇಜೊಂದರ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸೋಣ. ಮುಂದಿನ ತಿಂಗಳು ನಾನೇ ಆ ಕಡೆ ಬರುವುದಿದೆ, ಅನುಕೂಲವಾದರೆ ತಮ್ಮ ಕೆರೆಯ ಹಿನ್ನೀರಿನ ಬದಿಯನ್ನು ಜೊತೆಯಲ್ಲಿ ನಡೆದು ನೋಡಬಹುದು.