ಅಪಸಾಮಾನ್ಯ ಮನೋವಿಜ್ಞಾನದ ಇತಿಹಾಸಕ್ಕೆ ನಿಜವಾಗಿಯೂ ಮೂರು ಹಂತಗಳಿವೆಯೇ?

ಸಿಂಧನೂರಿನಲ್ಲಿ ಬಿ.ಎ. ಓದುತ್ತಿರುವ ತಾವು ಕೇಳಿರುವುದು ಇಷ್ಟು: ಪಠ್ಯಪುಸ್ತಕದಲ್ಲಿ ಅಪಸಾಮಾನ್ಯ ಮನೋವಿಜ್ಞಾನದ, ಅಂದರೆ ಮನೋರೋಗಗಳ ಅಧ್ಯಯನದ, ಇತಿಹಾಸವನ್ನು ದೆವ್ವ-ಭೂತದ ಕಾಲ, ಹುಚ್ಚಾಸ್ಪತ್ರೆಯ ಕಾಲ, ವಿಜ್ಞಾನದ ಕಾಲ ಎಂದು ಮೂರು ಹಂತಗಳಾಗಿ ಕೊಟ್ಟಿದ್ದಾರೆ, ಆದರೆ ತಮ್ಮ ಓಣಿಯಲ್ಲಿ ಒಂದು ಮನೆಯವರು ತಾಯಿತ ಕಟ್ಟಿಸುತ್ತಾರೆ, ಇನ್ನೊಂದು ಮನೆಯವರು ಮಗನನ್ನು ಧಾರವಾಡದ ಆಸ್ಪತ್ರೆಗೆ ಸೇರಿಸಿ ಬಂದಿದ್ದಾರೆ, ಮತ್ತೊಬ್ಬರು ಮನೆಯಲ್ಲಿದ್ದುಕೊಂಡೇ ಮಾತ್ರೆ ನುಂಗುತ್ತಾರೆ. ಹಾಗಿದ್ದರೆ ಈ ಹಂತಗಳು ನಿಜವೇ, ಈ ಇತಿಹಾಸದಲ್ಲಿ ನಮ್ಮ ಕಡೆಯ ಪಾಲು ಏನಾದರೂ ಇದೆಯೇ? ನಾನು ಬಳ್ಳಾರಿಯಲ್ಲಿ ಹಲವು ವರ್ಷ ಮನೋವೈದ್ಯಕೀಯ ಸಮಾಜ ಕಾರ್ಯಕರ್ತನಾಗಿ ದುಡಿದು, ಈಗ ಇದೇ ವಿಷಯವನ್ನು ಪಾಠ ಮಾಡುವವನು. ಪರೀಕ್ಷೆಯಲ್ಲಿ ಮೂರು ಹಂತಗಳನ್ನೇ ಬರೆಯಿರಿ, ಅಂಕ ಬರುತ್ತದೆ. ಆದರೆ ನನ್ನ ತಿಳಿವಳಿಕೆಯಲ್ಲಿ ದೈವ, ದೇಹ, ಮನಸ್ಸು ಎಂಬ ಮೂರು ವಿವರಣೆಗಳೂ ಎಲ್ಲ ಕಾಲದಲ್ಲೂ ಒಟ್ಟೊಟ್ಟಿಗೇ ಇದ್ದವು. ರೋಗಿಯನ್ನು ದಯೆಯಿಂದ ನೋಡಿಕೊಂಡರೋ ಇಲ್ಲವೋ ಎಂಬುದು ಯಾವ ವಿವರಣೆಯನ್ನು ನಂಬಿದ್ದರು ಎಂಬುದನ್ನು ಅವಲಂಬಿಸಿರಲಿಲ್ಲ.

ಮೊದಲ ಹಂತ ಎನ್ನುವ ಪ್ರಾಚೀನ ಕಾಲವನ್ನೇ ತೆಗೆದುಕೊಳ್ಳಿ. ಗ್ರೀಕರು ಮೂರ್ಛೆರೋಗವನ್ನು ಪವಿತ್ರ ರೋಗವೆಂದು ಕರೆಯುತ್ತಿದ್ದ ದಿನಗಳಲ್ಲೇ, ಅಂದರೆ ಕ್ರಿ.ಪೂ. 400ರ ಆಸುಪಾಸಿನಲ್ಲಿ, ಹಿಪ್ಪೊಕ್ರೇಟಿಸ್ ಪರಂಪರೆಯ ವೈದ್ಯನೊಬ್ಬ ಆ ರೋಗ ಬೇರೆ ರೋಗಗಳಿಗಿಂತ ಹೆಚ್ಚು ದೈವಿಕವೇನಲ್ಲ, ಅದರ ಮೂಲ ಮಿದುಳಿನಲ್ಲಿದೆ, ದೇವರ ಮೇಲೆ ಹೊರಿಸುವವರು ತಮ್ಮ ಅಜ್ಞಾನವನ್ನು ಮರೆಮಾಚುತ್ತಿದ್ದಾರೆ ಎಂದು ಖಡಾಖಂಡಿತವಾಗಿ ಬರೆದ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತಗಳ ಏರುಪೇರಿನಿಂದ ಮನಸ್ಸು ಕೆಡುತ್ತದೆ ಎಂಬ ಅವರ ಸಿದ್ಧಾಂತ ತಪ್ಪಾಗಿತ್ತು, ನಿಜ. ಆದರೂ ಅದು ದೇಹದಲ್ಲೇ ಕಾರಣ ಹುಡುಕಿದ ಸಿದ್ಧಾಂತ.

ನಮ್ಮ ಚರಕಸಂಹಿತೆ ಇನ್ನೂ ಸ್ವಾರಸ್ಯಕರವಾಗಿದೆ. ಉನ್ಮಾದವನ್ನು, ಅಂದರೆ ಹುಚ್ಚನ್ನು, ಅದು ವಾತಜ, ಪಿತ್ತಜ, ಕಫಜ, ಸನ್ನಿಪಾತಜ (ಈ ಮೂರೂ ದೋಷ ಸೇರಿ ಬರುವುದು), ಆಗಂತುಜ (ಹೊರಗಿನಿಂದ ಬರುವುದು) ಎಂದು ಐದು ಬಗೆಯಾಗಿ ವಿಂಗಡಿಸುತ್ತದೆ. ಕೊನೆಯದಕ್ಕೆ ದೇವತೆ, ಗಂಧರ್ವ, ಪಿಶಾಚಿಗಳ ಹೆಸರನ್ನೂ ಹೇಳುತ್ತದೆ. ಆದರೆ ಅದೇ ಗ್ರಂಥದಲ್ಲಿ ರೋಗಕಾರಣಗಳನ್ನು ಹೇಳುವ ನಿದಾನಸ್ಥಾನ ಎಂಬ ಭಾಗದಲ್ಲಿ, ತನ್ನಿಂದ ತಾನೇ ಕ್ಲೇಶಕ್ಕೆ ಒಳಗಾಗದ ಮನುಷ್ಯನನ್ನು ದೇವತೆಗಳಾಗಲಿ ಗಂಧರ್ವರಾಗಲಿ ಪಿಶಾಚಿ-ರಾಕ್ಷಸರಾಗಲಿ ಕಾಡುವುದಿಲ್ಲ, ಮೂಲ ಕಾರಣ ಅವನ ಪ್ರಜ್ಞಾಪರಾಧವೇ, ಅಂದರೆ ವಿವೇಕ ತಪ್ಪಿದ ನಡೆಯೇ, ಎಂಬ ಮಾತೂ ಬರುತ್ತದೆ. ಚಿಕಿತ್ಸೆಯನ್ನೂ ಚರಕ ಮೂರಾಗಿ ಹೇಳುತ್ತಾನೆ: ಮಂತ್ರ-ಹೋಮಗಳ ದೈವವ್ಯಪಾಶ್ರಯ, ಆಹಾರ-ಔಷಧಿಗಳ ಯುಕ್ತಿವ್ಯಪಾಶ್ರಯ, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆಳೆಯುವ ಸತ್ವಾವಜಯ. ಹಾಗೆಂದು ನಮ್ಮವರು ಎಲ್ಲವನ್ನೂ ಆಗಲೇ ಬಲ್ಲವರಾಗಿದ್ದರು ಎಂದು ಹಿಗ್ಗಬೇಕಾಗಿಲ್ಲ. ಉನ್ಮಾದ ಚಿಕಿತ್ಸೆಯ ಅಧ್ಯಾಯದಲ್ಲಿ ರೋಗಿಗೆ ಸಾಂತ್ವನ ಹೇಳಿ ಸಂತೋಷಪಡಿಸಬೇಕೆಂಬ ಮಾತಿರುವಂತೆಯೇ, ಹಲ್ಲು ಕಿತ್ತ ಹಾವನ್ನೋ ಪಳಗಿಸಿದ ಸಿಂಹವನ್ನೋ ತೋರಿಸಿ ಹೆದರಿಸಬೇಕೆಂಬ ಮಾತೂ ಇದೆ. ಮಮತೆಯೂ ಹಿಂಸೆಯೂ ಒಂದೇ ಅಧ್ಯಾಯದೊಳಗೆ ಇವೆ.

ಎರಡನೆಯದಾಗಿ, ಯುರೋಪಿನಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ಸುಟ್ಟ ಕ್ರೌರ್ಯವನ್ನು ಪಠ್ಯಗಳು ಮಧ್ಯಯುಗದ ಕತ್ತಲೆಗೆ ಸೇರಿಸಿಬಿಡುತ್ತವೆ. ಅದು ಅತಿ ಹೆಚ್ಚು ನಡೆದದ್ದು 16 ಮತ್ತು 17ನೇ ಶತಮಾನಗಳಲ್ಲಿ, ಅಂದರೆ ಗೆಲಿಲಿಯೋ ದೂರದರ್ಶಕ ಹಿಡಿದಿದ್ದ ಕಾಲದಲ್ಲಿ. ಆ ಹೆಂಗಸರಲ್ಲಿ ಅನೇಕರು ರೋಗಿಗಳು, ಅವರನ್ನು ವೈದ್ಯರ ಬಳಿಗೆ ಕಳುಹಿಸಬೇಕು ಎಂದು ಯೋಹಾನ್ ವೇಯರ್ ಎಂಬ ವೈದ್ಯ 1563ರಲ್ಲೇ ವಾದಿಸಿದ್ದ. ಇತ್ತ ಕೈರೋದಲ್ಲಿ 1284ರಲ್ಲಿ ಆರಂಭವಾದ ಮನ್ಸೂರಿ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಬೆಲ್ಜಿಯಂನ ಗೀಲ್ ಎಂಬ ಊರಂತೂ ಮೂರು ಹಂತಗಳ ಲೆಕ್ಕಾಚಾರವನ್ನೇ ತಲೆಕೆಳಗು ಮಾಡುತ್ತದೆ. ಅಲ್ಲಿನ ಸಂತ ಡಿಂಫ್ನಾಳ ಗುಡಿಗೆ ಹರಕೆ ಹೊತ್ತು ಬರುತ್ತಿದ್ದ ಮನೋರೋಗಿಗಳನ್ನು ಊರಿನ ಒಕ್ಕಲು ಕುಟುಂಬಗಳೇ ಮನೆಗಳಲ್ಲಿ ಇರಿಸಿಕೊಳ್ಳತೊಡಗಿದವು. ಹೊಲದ ಕೆಲಸ, ಊಟ, ಹಬ್ಬ ಎಲ್ಲದರಲ್ಲೂ ಅವರು ಪಾಲುಗೊಂಡರು. ಶತಮಾನಗಳ ಹಿಂದಿನ ಆ ಪದ್ಧತಿ ಈಗ ವೈದ್ಯರ ಮೇಲ್ವಿಚಾರಣೆಯಲ್ಲಿ ಮುಂದುವರಿದಿದೆ. ಹುಟ್ಟಿದ್ದು ನಂಬಿಕೆಯಲ್ಲಿ, ಉಳಿದದ್ದು ಆರೈಕೆಯಾಗಿ.

ಹುಚ್ಚಾಸ್ಪತ್ರೆಯ ಕಾಲದ ನಾಯಕನೆಂದರೆ ಫ್ರೆಂಚ್ ವೈದ್ಯ ಫಿಲಿಪ್ ಪಿನೆಲ್. 1793ರಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಗೆ ಬಂದವನೇ ರೋಗಿಗಳ ಸರಪಳಿ ಕಳಚಿದ ಎಂಬ ಚಿತ್ರವನ್ನು ತಾವೂ ನೋಡಿರಬಹುದು. ಆದರೆ ಬಿಸೆತ್ರ್‌ನಲ್ಲಿ ಸರಪಳಿಗಳನ್ನು ತೆಗೆಸಿದವನು ಅಲ್ಲಿನ ಮೇಲ್ವಿಚಾರಕ ಜೀನ್-ಬ್ಯಾಪ್ಟಿಸ್ಟ್ ಪ್ಯುಸಾ, ಅದೂ 1797ರಲ್ಲಿ, ಪಿನೆಲ್ ಅಲ್ಲಿಂದ ಹೋದ ಮೇಲೆ. ಪ್ಯುಸಾ ವೈದ್ಯನಲ್ಲ, ಹಿಂದೊಮ್ಮೆ ಅದೇ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವನು. ರೋಗಿಯ ಜೊತೆ ಮಾತನಾಡುವುದು, ದಿನಚರಿ ಬರೆದಿಡುವುದು, ಹೊಡೆಯುವ ಸಿಬ್ಬಂದಿಯನ್ನು ಹೊರಗೆ ಕಳುಹಿಸುವುದು ಮುಂತಾದವನ್ನು ಪಿನೆಲ್ ಬಹುಮಟ್ಟಿಗೆ ಅವನಿಂದಲೇ ಕಲಿತ, ಅದನ್ನು ಒಪ್ಪಿಕೊಂಡೂ ಇದ್ದ. ಇಂಗ್ಲೆಂಡಿನ ಯಾರ್ಕ್‌ನಲ್ಲಿ 1796ರಲ್ಲಿ ಇಂಥದೇ ಮನೆಯನ್ನು ತೆರೆದ ವಿಲಿಯಂ ಟ್ಯೂಕ್ ಚಹಾ ವ್ಯಾಪಾರಿ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಭಕ್ತ. ನನ್ನ ಮಟ್ಟಿಗೆ ಇಡೀ ಅಧ್ಯಾಯದಲ್ಲಿ ನೆನಪಿಡಬೇಕಾದ ಸಂಗತಿಯೆಂದರೆ ಇದೇ: ಈ ಸುಧಾರಣೆಗೆ ಹೊಸ ಔಷಧಿಯಾಗಲಿ ಹೊಸ ಸಿದ್ಧಾಂತವಾಗಲಿ ಬೇಕಾಗಿರಲಿಲ್ಲ.

ದಯೆಯ ಈ ಮನೆಗಳು 19ನೇ ಶತಮಾನದಲ್ಲಿ ದೊಡ್ಡ ದೊಡ್ಡ ಕಟ್ಟಡಗಳಾಗಿ, ಸಾವಿರಾರು ಜನರನ್ನು ತುಂಬುವ ದೊಡ್ಡಿಗಳಾದವು. ನಮ್ಮ ಕಡೆಗೆ ಬಂದರೆ, ಬಳ್ಳಾರಿ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಪ್ರಮುಖ ಹುಚ್ಚಾಸ್ಪತ್ರೆ 1871ರಿಂದ ಮದ್ರಾಸಿನ ಕಿಲ್ಪಾಕ್‌ನಲ್ಲಿತ್ತು. 1912ರ ಭಾರತೀಯ ಹುಚ್ಚರ ಕಾಯ್ದೆಯ ಪ್ರಕಾರ ಒಬ್ಬನನ್ನು ಒಳಗೆ ಕಳುಹಿಸಬೇಕಾದರೆ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಅಂದರೆ ರೋಗಿಯ ದಾರಿ ಕೈದಿಯ ದಾರಿಯಂತೆಯೇ ಕಚೇರಿಯ ಮೂಲಕ ಹೋಗುತ್ತಿತ್ತು. ಈ ಕಾಯ್ದೆ 1987ರ ಮಾನಸಿಕ ಆರೋಗ್ಯ ಕಾಯ್ದೆ ಬರುವವರೆಗೂ ಉಳಿದಿತ್ತು.

ವಿಜ್ಞಾನದ ಕಾಲಕ್ಕೆ ಬರೋಣ. ಜರ್ಮನ್ ಮನೋವೈದ್ಯ ಎಮಿಲ್ ಕ್ರೆಪೆಲಿನ್ ರೋಗಿಗಳ ಚೀಟಿಗಳನ್ನು ವರ್ಷಗಟ್ಟಲೆ ಜೋಡಿಸಿಟ್ಟು, ಒಂದು ದಿನದ ಲಕ್ಷಣವನ್ನಷ್ಟೇ ನೋಡದೆ ಕಾಯಿಲೆ ಮುಂದೆ ಯಾವ ಹಾದಿ ಹಿಡಿಯುತ್ತದೆ ಎಂಬುದನ್ನು ನೋಡಿ, 1899ರ ಹೊತ್ತಿಗೆ ಉನ್ಮಾದ-ಖಿನ್ನತೆಯ ಕಾಯಿಲೆಯನ್ನೂ ಇಂದು ನಾವು ಸ್ಕಿಜೋಫ್ರೀನಿಯಾ ಎನ್ನುವುದನ್ನೂ ಬೇರೆ ಬೇರೆ ಮಾಡಿದ. ಇಂದಿನ ವರ್ಗೀಕರಣದ ಬುನಾದಿ ಅದೇ. ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಹಿಸ್ಟೀರಿಯಾದ ಬಗ್ಗೆ ಬರೆದು, ಮಾತಿನಿಂದಲೇ ಚಿಕಿತ್ಸೆ ಸಾಧ್ಯವೆಂದರು. ಗಿರೀಂದ್ರಶೇಖರ ಬೋಸ್ 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿ, ಫ್ರಾಯ್ಡ್‌ಗೆ ಪತ್ರ ಬರೆದು ಭಿನ್ನಾಭಿಪ್ರಾಯವನ್ನೂ ಧೈರ್ಯವಾಗಿ ತಿಳಿಸಿದರು. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿಗೆ, ಅದು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದಿನದಿನಕ್ಕೆ ಹತ್ತಿರ ತಂದು ಹೆದರಿಕೆ ಬಿಡಿಸಿದ ಮೇರಿ ಕವರ್ ಜೋನ್ಸ್ ಅವರ 1924ರ ವರದಿ ವರ್ತನಾ ಚಿಕಿತ್ಸೆಯ ಬೀಜ.

ಇದೇ ವಿಜ್ಞಾನದ ಕಾಲದಲ್ಲಿ ಏನೇನು ನಡೆಯಿತು ಎಂಬುದನ್ನು ಪಠ್ಯಗಳು ಓಡಿಸಿಬಿಡುತ್ತವೆ. ಸಿಫಿಲಿಸ್ ಮಿದುಳಿಗೇರಿ ಬರುತ್ತಿದ್ದ ಹುಚ್ಚಿಗೆ ವಾಗ್ನರ್-ಯಾರೆಗ್ 1917ರಲ್ಲಿ ಮಲೇರಿಯಾ ಜ್ವರವನ್ನೇ ಬರಿಸಿ ಚಿಕಿತ್ಸೆ ನೀಡಿದ. ಅಪಾಯಕಾರಿಯಾದರೂ ಕೆಲವರಿಗೆ ಫಲಿಸಿತು, 1927ರಲ್ಲಿ ನೊಬೆಲ್ ಬಂತು. ಎಗಾಸ್ ಮೊನಿಜ್ 1935ರಲ್ಲಿ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಆರಂಭಿಸಿದ, 1949ರಲ್ಲಿ ಅವನಿಗೂ ನೊಬೆಲ್ ಬಂತು. ಆ ಶಸ್ತ್ರಚಿಕಿತ್ಸೆಗೆ ಒಳಗಾದ ಸಾವಿರಾರು ಜನರಲ್ಲಿ ಅನೇಕರು ಉಳಿದ ಬಾಳನ್ನು ಉತ್ಸಾಹವಿಲ್ಲದೆ, ಇಚ್ಛೆಯಿಲ್ಲದೆ ಕಳೆದರು. ಹಲ್ಲು ಕಿತ್ತ ಹಾವು ಇದಕ್ಕಿಂತ ವಾಸಿ ಎಂದು ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಹೇಳಿದಾಗ ನನಗೆ ಉತ್ತರ ತೋಚಲಿಲ್ಲ.

ನಿಜವಾದ ತಿರುವು ಬಂದದ್ದು 1952ರಲ್ಲಿ, ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಮನೋರೋಗಿಗಳಿಗೆ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿ ಕೊಟ್ಟು ನೋಡಿದಾಗ. ಅದಕ್ಕೂ ಮೊದಲೇ, 1931ರಲ್ಲಿ, ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಸರ್ಪಗಂಧದ ಬೇರಿನ ಪುಡಿ ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಉಪಯುಕ್ತವೆಂದು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯವರು ಅದೇ ಬೇರಿನಿಂದ ರಿಸರ್ಪಿನ್ ಎಂಬ ಔಷಧಾಂಶವನ್ನು ಬೇರ್ಪಡಿಸಿದರು. ಔಷಧಿಯಿಂದ ರೋಗ ಬುಡಸಮೇತ ಹೋಗಲಿಲ್ಲ. ಆದರೆ ರೋಗಿ ಮನೆಗೆ ಹೋಗುವಂತಾದ. ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ಆವರಣದಲ್ಲೇ ಡೇರೆ ಹಾಕಿಸಿ, ಮನೆಯವರನ್ನು ರೋಗಿಯ ಜೊತೆ ಇರಿಸಿಕೊಂಡು, ಆರೈಕೆಯನ್ನು ಅವರಿಗೇ ಕಲಿಸಿದ್ದರು. ಮಾತ್ರೆ ಮತ್ತು ಮನೆ, ಎರಡೂ ಒಂದುಗೂಡಿದವು.

ಇಲ್ಲಿಂದ ಮುಂದಿನ ಕಥೆ ನಮ್ಮದು. ಭಾರತ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿಕೊಂಡಿತಾದರೂ ಅದನ್ನು ಹಳ್ಳಿಗೆ ಮುಟ್ಟಿಸುವ ಬಗೆ ಯಾರಿಗೂ ಸ್ಪಷ್ಟವಿರಲಿಲ್ಲ. ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಸಣ್ಣ ಮಟ್ಟದಲ್ಲಿ ಪ್ರಯೋಗ ಮಾಡಿದ್ದ ನಿಮ್ಹಾನ್ಸ್ (ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ) ತಂಡ, ಒಂದು ಇಡೀ ಜಿಲ್ಲೆಯಲ್ಲಿ ಇದು ಸಾಧ್ಯವೇ ಎಂದು ಪರೀಕ್ಷಿಸಲು ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ, ಸುಮಾರು 15 ಲಕ್ಷ ಜನಸಂಖ್ಯೆಯ ಅವಿಭಜಿತ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟರು. ಬೆರಳೆಣಿಕೆಯ ಅಗತ್ಯ ಔಷಧಿಗಳನ್ನು ಕೇಂದ್ರಗಳಲ್ಲೇ ಇರಿಸಿದರು. ತೀವ್ರತರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯಗಳನ್ನು ಗುರುತಿಸಿ ದಾಖಲಿಸುವ ಪದ್ಧತಿ ಮಾಡಿದರು. ಜಟಿಲವಾದವನ್ನು ಜಿಲ್ಲಾ ಕೇಂದ್ರದ ಮನೋವೈದ್ಯರು ನೋಡಿದರು. 1996ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಆಧಾರವಾಗಿಟ್ಟುಕೊಂಡದ್ದು ಇದನ್ನೇ, ದೇಶದಾದ್ಯಂತ ಅದಕ್ಕೆ ಬಳ್ಳಾರಿ ಮಾದರಿ ಎಂದೇ ಹೆಸರು. ಗಣಿಧೂಳಿಗೂ ಬಿಸಿಲಿಗೂ ಹೆಸರಾದ ಊರು ಮನೋವೈದ್ಯಕೀಯದ ಪುಸ್ತಕಗಳಲ್ಲಿ ಬೇರೊಂದು ಕಾರಣಕ್ಕೆ ಬರುತ್ತದೆಂಬುದು ಇಲ್ಲಿನ ಬಹಳ ಮಂದಿಗೇ ಗೊತ್ತಿಲ್ಲ. ಮಾದರಿಯ ಕೊರತೆಗಳೂ ಗುಟ್ಟೇನಲ್ಲ: ತರಬೇತಾದ ವೈದ್ಯರಿಗೆ ವರ್ಗವಾಗುತ್ತದೆ, ಮಾತ್ರೆಯ ಸರಬರಾಜು ನಿಲ್ಲುತ್ತದೆ, ಮಾತಿನ ಚಿಕಿತ್ಸೆಗೆ ಕೈಯಲ್ಲಿ ಸಮಯವೇ ಇರುವುದಿಲ್ಲ.

ನಾನು ಕಂಡ ಹೊರರೋಗಿ ವಿಭಾಗದ ಒಂದು ಸಾಮಾನ್ಯ ದೃಶ್ಯವನ್ನು ಹೇಳುತ್ತೇನೆ. ಸಿರುಗುಪ್ಪ ಕಡೆಯ ತಾಯಿಯೊಬ್ಬರು ಮಗನನ್ನು ಕರೆತಂದಿದ್ದರು; ಅವನ ರಟ್ಟೆಯಲ್ಲಿ ದರ್ಗಾದ ಕಪ್ಪು ದಾರ, ಕೊರಳಲ್ಲಿ ಗುಡಿಯ ಬೆಳ್ಳಿ ತಾಯಿತ, ತಾಯಿಯ ಕೈಚೀಲದಲ್ಲಿ ಯಾವುದೋ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿದ ಚೀಟಿಗಳು. "ಇವನ್ನೆಲ್ಲಾ ಬಿಚ್ಚಬೇಕೇನ್ರೀ ಸರ?" ಎಂದು ಕೇಳಿದರು. "ಇರ್ಲಿ ಬಿಡ್ರೆವ್ವಾ, ಗುಳಿಗಿ ಮಾತ್ರ ಒಂದಿನಾನೂ ತಪ್ಪಸಬ್ಯಾಡ್ರಿ" ಎಂದರು ವೈದ್ಯರು. ಚರಕನ ಮೂರು ಚಿಕಿತ್ಸೆಗಳೂ ಒಂದೇ ಬೆಂಚಿನ ಮೇಲೆ ಕುಳಿತಿದ್ದವು. ನಂಬಿಕೆಯನ್ನು ಹೀಗಳೆದಿದ್ದರೆ ಆ ತಾಯಿ ಎರಡನೇ ಸಲ ಬರುತ್ತಿರಲಿಲ್ಲ ಎಂಬುದು ನನ್ನ ಅನುಭವ.

ಇದಕ್ಕೆ ಹೊಂದಿಕೊಂಡೇ ತಾವು ಕೇಳಿದ ಇನ್ನೊಂದು ಸಂದೇಹವಿದೆ: ಹುಲಿಗಿಯಂಥ ಜಾತ್ರೆಯಲ್ಲಿ ಮೈಮೇಲೆ ದೇವಿ ಬರುವುದು ಮನೋರೋಗವೇ? ಅಪಸಾಮಾನ್ಯತೆಗೆ ಬರೀ ಬೇರೆಯಾಗಿರುವುದು ಸಾಲದು. ಆ ವ್ಯಕ್ತಿಗೆ ಯಾತನೆಯಾಗುತ್ತಿದೆಯೇ, ದುಡಿಮೆ-ಸಂಸಾರಕ್ಕೆ ಅಡ್ಡಿಯಾಗುತ್ತಿದೆಯೇ, ಅವರಿಗಾಗಲಿ ಇತರರಿಗಾಗಲಿ ಅಪಾಯವಿದೆಯೇ ಎಂದು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವೂ ಆ ಸಮುದಾಯ ಒಪ್ಪಿಕೊಂಡ ಧಾರ್ಮಿಕ ಸಂದರ್ಭದ ಆವೇಶವನ್ನು ರೋಗವೆಂದು ಎಣಿಸುವುದಿಲ್ಲ. ಜಾತ್ರೆ ಮುಗಿದ ಮೇಲೆ ಎಂದಿನಂತೆ ರೊಟ್ಟಿ ಬಡಿಯಲು ಕೂರುವಾಕೆ ರೋಗಿಯಲ್ಲ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟು, ಇಷ್ಟವಿಲ್ಲದಿದ್ದರೂ ಆವೇಶ ಬರುತ್ತಲೇ ಇರುವವಳನ್ನು ವೈದ್ಯರಿಗೆ ತೋರಿಸಬೇಕು.

ನಂಬಿಕೆಯೊಂದಿಗೆ ರಾಜಿ ಸಾಧ್ಯ, ಸರಪಳಿಯೊಂದಿಗೆ ಸಾಧ್ಯವಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಆಶ್ರಯದಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ ಸುಟ್ಟು ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ, ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನೂ ನಿಷೇಧಿಸಿದೆ, ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಹೇಳಿದೆ. ತಮ್ಮ ಓಣಿಯವರಿಗೆ ಉಪಯೋಗವಾಗಬಹುದಾದ ಎರಡು ಮಾಹಿತಿ: ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ತಪಾಸಣೆಗೆ ವ್ಯವಸ್ಥೆಯಿದೆ, ಹೋಗುವ ಮೊದಲು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ, ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.